ಮೇಜು ತರುವ ಮೊದಲು ತಲೆ ಎಣಿಸಿ

ನಮ್ಮದು 42 ಜನರ ಸಾಫ್ಟ್‌ವೇರ್ ಕಂಪನಿ, ಬೆಂಗಳೂರಿನಲ್ಲಿದೆ. ಕೋಡ್ ಬರೆಯುವುದು ನನ್ನ ಕೆಲಸವಲ್ಲ. ಬಾಡಿಗೆ, ಎಸಿ, ಕುರ್ಚಿ, ಕಾಫಿಪುಡಿ, ಇಂಟರ್ನೆಟ್ ಬಿಲ್ಲು ಎಲ್ಲ ನನ್ನ ತಲೆಗೆ ಕಟ್ಟಿದ್ದು. ಮೊದಲು ಔಟರ್ ರಿಂಗ್ ರೋಡ್ ಪಕ್ಕ ಇದ್ದೆವು, ಈಗ ಜಯನಗರದ ಕಡೆ ಬಂದಿದ್ದೇವೆ. ಜಾಗ ಚಿಕ್ಕದು, ಯಾವ ದಿನ ನೋಡಿದರೂ ಅರ್ಧದಷ್ಟು ಜನ ಮನೆಯಿಂದಲೋ ಊರಿಂದಲೋ ಕೆಲಸ ಮಾಡುತ್ತಿರುತ್ತಾರೆ. ಈ ಹದಕ್ಕೆ ಬರಲು ಒಂದೂವರೆ ವರ್ಷ ಹಿಡಿಯಿತು. ಮಧ್ಯೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಒಂದಿಷ್ಟು ದುಡ್ಡೂ ಹೋಯಿತು. 20ರಿಂದ 100 ಜನರ ಕಂಪನಿ ನಡೆಸುವವರಿಗೆ ಆ ದುಡ್ಡು ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಟೆಕ್ ಪಾರ್ಕ್‌ನವರ ಲೆಕ್ಕವೇ ಬೇರೆ, ಅವರು ಮುಂದೆ ಹೋಗಬಹುದು.

ಎಲ್ಲರೂ ಮಾಡುವ ಮೊದಲ ತಪ್ಪು ಇಂಟೀರಿಯರ್ ಡಿಸೈನರನ್ನು ಕರೆಸುವುದು. ಅವರು ಲ್ಯಾಪ್‌ಟಾಪ್ ತೆಗೆದು ಬೀನ್ ಬ್ಯಾಗು, ಹಸಿರು ಗೋಡೆ, ಉಯ್ಯಾಲೆ ತೋರಿಸುತ್ತಾರೆ. ಚೆನ್ನಾಗೇ ಇರುತ್ತದೆ. ಆದರೆ ಬೀನ್ ಬ್ಯಾಗಿನಲ್ಲಿ ಕೂತು ಎರಡು ಗಂಟೆ ಕೆಲಸ ಮಾಡಿದ ಮನುಷ್ಯನನ್ನು ನಾನಂತೂ ನೋಡಿಲ್ಲ, ನಮ್ಮಲ್ಲಿದ್ದ ಎರಡರ ಮೇಲೆ ಈಗ ಕೊರಿಯರ್ ಡಬ್ಬಗಳು ಕೂತಿವೆ.

ಮೊದಲು ಎಣಿಕೆ

ಕನಿಷ್ಠ ನಾಲ್ಕು ವಾರ, ದಿನಕ್ಕೆ ಎರಡು ಸಲ, ಬೆಳಿಗ್ಗೆ 11:30ಕ್ಕೆ ಮತ್ತು ಮಧ್ಯಾಹ್ನ 3:30ಕ್ಕೆ ಎಷ್ಟು ಜನ ಕೂತಿದ್ದಾರೆ ಅಂತ ಎಣಿಸಿ. ಬಾಗಿಲಿನ ಕಾರ್ಡ್ ಲೆಕ್ಕ ನಂಬಬೇಡಿ. ಒಬ್ಬರು ಕಾರ್ಡ್ ತೋರಿಸಿದರೆ ಹಿಂದೆ ಮೂವರು ನುಗ್ಗುತ್ತಾರೆ. ನಿಜ ಹೇಳಬೇಕೆಂದರೆ, ಯಾವ ದಿನ ಎಷ್ಟು ಜನ ಬರುತ್ತಾರೆ ಅನ್ನುವುದು ಎಚ್‌ಆರ್‌ಗಿಂತ ಕಾಫಿ ಮಾಡುವ ಅಕ್ಕನಿಗೆ ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ಅಕ್ಕ ಸೋಮವಾರ ಮೂರು ಪ್ಯಾಕೆಟ್ ಹಾಲು, ಬುಧವಾರ ಆರು ಅಂತ ಬಾಯಿಪಾಠ ಒಪ್ಪಿಸಿದ್ದರು. ನಾನು ಒಂದು ತಿಂಗಳು ಶೀಟ್ ತುಂಬಿಸಿ ಕಂಡುಹಿಡಿದದ್ದೂ ಅದನ್ನೇ.

ನಮ್ಮ ಎಣಿಕೆ ಹೀಗಿತ್ತು: ಸೋಮವಾರ 14, ಮಂಗಳವಾರ 24, ಬುಧವಾರ 27, ಗುರುವಾರ 22, ಶುಕ್ರವಾರ 9. ಸರಾಸರಿ ಹಾಕಿದರೆ 19 ಚಿಲ್ಲರೆ. ಹಾಗಾದರೆ 20 ಸೀಟು ಸಾಕಲ್ವಾ ಅಂತ ಮೇಲಿನವರು ಅಂದರು, ನಾನೂ ತಲೆಯಾಡಿಸಿದೆ, ಹೋಗಿ ಹಲವು ಕಂಪನಿಯವರು ಹಂಚಿಕೊಂಡು ಕೂರುವ ಒಂದು ಕೋವರ್ಕಿಂಗ್ ಜಾಗದಲ್ಲಿ 20 ಸೀಟು ಹಿಡಿದೆವು. ಮೊದಲ ಬುಧವಾರವೇ ಏಳು ಜನ ಪ್ಯಾಂಟ್ರಿಯಲ್ಲಿ, ಮೀಟಿಂಗ್ ರೂಮಿನಲ್ಲಿ, ಒಬ್ಬರಂತೂ ಮೆಟ್ಟಿಲ ಮೇಲೆ ಕೂತಿದ್ದರು. ಒಂದೂವರೆ ಗಂಟೆ ಟ್ರಾಫಿಕ್‌ನಲ್ಲಿ ಬೆಂದು ಬಂದವರಿಗೆ ಕೂರಲು ಜಾಗ ಇಲ್ಲ ಅಂದರೆ ಅವರು ಮುಂದಿನ ವಾರ ಬರುತ್ತಾರಾ?

ಸರಾಸರಿಗೆ ಸೀಟು ಹಾಕಬೇಡಿ, ಅತಿ ಜಾಸ್ತಿ ಜನ ಬರುವ ದಿನಕ್ಕೂ ಹಾಗೇ ಹಾಕಬೇಡಿ. ಮೊದಲು ಆ ದಿನದ ಭಾರ ಇಳಿಸಿ. ಬುಧವಾರ ಬರುತ್ತಿದ್ದ ಟೆಸ್ಟಿಂಗ್ ತಂಡದ ಆರು ಜನರಿಗೆ ಬೇರೆ ತಂಡದ ಜೊತೆ ಅಂಥ ಕೆಲಸವೇನೂ ಇರಲಿಲ್ಲ, ಎಲ್ಲರೂ ಬರ್ತಾರೆ ಅಂತ ಅವರೂ ಬರುತ್ತಿದ್ದರು, ಅಷ್ಟೆ. ಅವರನ್ನು ಕೇಳಿ ಸೋಮವಾರಕ್ಕೆ ಬದಲಾಯಿಸಿದೆವು. ಬುಧವಾರ 21ಕ್ಕೆ ಇಳಿಯಿತು, ಸೋಮವಾರ 20ಕ್ಕೆ ಏರಿತು. ಈಗ ಅತಿ ಜಾಸ್ತಿ ಅಂದರೆ ಮಂಗಳವಾರದ 24. ಅದರ ಮೇಲೆ ಎರಡು ಸೇರಿಸಿ 26 ಸೀಟು. ಇಷ್ಟಾದ ಮೇಲೆ ಜಾಗ ಹುಡುಕಿ.

ಯಾರಿಗೆ ಆಫೀಸ್ ಬೇಕು ಅಂತ ಕೇಳಿ, ಊಹಿಸಬೇಡಿ

ಮನೆಯಿಂದ ಕೆಲಸ ಅಂದರೆ ಎಲ್ಲರೂ ಕುಣಿಯುತ್ತಾರೆ ಅಂದುಕೊಂಡಿದ್ದೆ. ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ ಚಿತ್ರವೇ ಬೇರೆಯಾಗಿತ್ತು. ಪಿಜಿಯಲ್ಲಿ ಮೂವರು ಒಂದು ರೂಮಿನಲ್ಲಿರುವ ಹುಡುಗರು ವಾರದ ಐದೂ ದಿನ ಬರುತ್ತೇವೆ ಅಂದರು. ಅವರಿಗೆ ಮನೆ ಅಂದರೆ ಒಂದು ಮಂಚ, ಅದರ ಮೇಲೆಯೇ ಲ್ಯಾಪ್‌ಟಾಪ್. ಅತ್ತೆ ಮಾವನ ಜೊತೆ ಇರುವ ಒಬ್ಬರು ಹೇಳಿದ್ದು ನನಗೆ ಇನ್ನೂ ನೆನಪಿದೆ. "ಮನೆಯಲ್ಲಿದ್ದರೆ ಎಲ್ಲರಿಗೂ ನಾನು ಮನೆಯಲ್ಲೇ ಇದ್ದೀನಿ ಅಂತ ಲೆಕ್ಕ. ಗ್ಯಾಸ್‌ನವನು ಬಂದರೂ ನಾನೇ, ನೆಂಟರು ಬಂದರೂ ನಾನೇ." ಅವರಿಗೆ ವಾರಕ್ಕೆ ನಾಲ್ಕು ದಿನ ಆಫೀಸ್ ಬೇಕಿತ್ತು. ಇನ್ನೊಂದು ಕಡೆ, ತೀರ್ಥಹಳ್ಳಿಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದು, ಅಡಿಕೆ ಕೊಯ್ಲಿನ ಹೊತ್ತಿಗೆ ಅವರಿಗೂ ಕೈಜೋಡಿಸುವ ಒಬ್ಬರಿಗೆ ಬೆಂಗಳೂರಿಗೆ ಬರುವುದೇ ಬೇಡ.

ಈ ಮಾತು ಗುಂಪಿನಲ್ಲಿ ಹೊರಬರುವುದಿಲ್ಲ, ಗೂಗಲ್ ಫಾರ್ಮ್‌ನಲ್ಲೂ ಬರುವುದಿಲ್ಲ. ತಲೆಗೆ 20 ನಿಮಿಷ ಕೊಟ್ಟು ಮೂರು ಪ್ರಶ್ನೆ ಕೇಳಿ. ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವಂಥ ಜಾಗ ಇದೆಯಾ? ಒಂದು ಕಡೆಯ ಪ್ರಯಾಣಕ್ಕೆ ಎಷ್ಟು ಹೊತ್ತು? ವಾರದಲ್ಲಿ ಯಾವ ಕೆಲಸಕ್ಕೆ ಇನ್ನೊಬ್ಬರು ಪಕ್ಕದಲ್ಲೇ ಇರಬೇಕು? ಮೂರನೆಯದಕ್ಕೆ ಬರುವ ಉತ್ತರವೇ ಮುಂದೆ ನಿಮ್ಮ ಆಫೀಸಿನ ನಕ್ಷೆ ಆಗುತ್ತದೆ. ನಮ್ಮವರು ಹೇಳಿದ್ದು ಇಷ್ಟು: ಹೊಸಬರಿಗೆ ಕಲಿಸುವುದು, ಬೋರ್ಡ್ ಮೇಲೆ ಬರೆದು ಜಗಳ ಆಡುವುದು, ಗ್ರಾಹಕರು ಬಂದಾಗ ತೋರಿಸುವುದು. ಸುಮ್ನೆ ತಲೆ ಬಗ್ಗಿಸಿ ಕೋಡ್ ಬರೆಯಲು ಆಫೀಸ್ ಬೇಕು ಅಂದವರು ಪಿಜಿಯವರು ಮಾತ್ರ. ಅಂದರೆ ಉದ್ದುದ್ದ ಸಾಲಿನ 40 ಮೇಜು ನಮಗೆ ಬೇಕಾಗಿರಲೇ ಇಲ್ಲ.

ಜಾಗ ಹಿಡಿಯುವಾಗ

ಎಲ್ಲರ ಪಿನ್‌ಕೋಡ್ ತೆಗೆದು ಮ್ಯಾಪ್ ಮೇಲೆ ಚುಕ್ಕೆ ಹಾಕಿ. ಹೆಸರು ಬೇಡ, ಪಿನ್‌ಕೋಡ್ ಸಾಕು. ನಮ್ಮವರಲ್ಲಿ ಜಾಸ್ತಿ ಜನ ದಕ್ಷಿಣದವರು, ಕೆಲವರು ಬೊಮ್ಮನಹಳ್ಳಿ, ಎಲೆಕ್ಟ್ರಾನಿಕ್ ಸಿಟಿ ಕಡೆಯವರು. ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೋ 2025ರ ಆಗಸ್ಟ್‌ನಲ್ಲಿ ಶುರುವಾಯಿತು, ಹಸಿರು ಮಾರ್ಗವೂ ಅಲ್ಲೇ ಸಿಗುತ್ತದೆ, ಹಾಗಾಗಿ ಆ ಸ್ಟೇಷನ್‌ನಿಂದ ನಡೆದು ಬರುವಷ್ಟು ದೂರದಲ್ಲಿ ಹುಡುಕಿದೆವು. ಬಾಡಿಗೆ ಚದರಡಿಗೆ ಸ್ವಲ್ಪ ಜಾಸ್ತಿಯೇ. ಆದರೆ ಕಾರ್ ಪಾರ್ಕಿಂಗ್ ಐದು ಕಮ್ಮಿ ಸಾಕಾಯಿತು, ಅಲ್ಲಿಗೆ ಲೆಕ್ಕ ಸರಿಹೋಯಿತು.

ಬ್ರೋಕರ್ 3,000 ಚದರಡಿ ಅಂದರೆ ಅದು ಸೂಪರ್ ಬಿಲ್ಟಪ್. ಲಿಫ್ಟು, ಮೆಟ್ಟಿಲು, ಗೋಡೆ ಎಲ್ಲ ಅದರೊಳಗೇ ಬಂತು. ಟೇಪ್ ಹಿಡಿದು ನಾವೇ ಅಳೆದಾಗ ನಮಗೆ ಸಿಕ್ಕಿದ್ದು 2,100. ಮೇಜು, ಓಡಾಟ, ಮೀಟಿಂಗ್ ರೂಮ್, ಪ್ಯಾಂಟ್ರಿ ಎಲ್ಲ ಸೇರಿ ಒಂದು ಸೀಟಿಗೆ 80 ಚದರಡಿ ಕಾರ್ಪೆಟ್ ಏರಿಯಾ (ಗೋಡೆಯೊಳಗೆ ನಿಜಕ್ಕೂ ಸಿಗುವ ಜಾಗ) ಅಂತ ಹಿಡಿದರೆ 26 ಸೀಟಿಗೆ ಅದು ಸರಿಯಾಗುತ್ತದೆ. ಶೌಚಾಲಯ ಎಷ್ಟಿದೆ ಅಂತ ನೋಡುವುದನ್ನು ಮರೆಯಬೇಡಿ, ಮಂಗಳವಾರ ಮಧ್ಯಾಹ್ನ ಊಟ ಆದ ಮೇಲೆ ಅದರ ಬೆಲೆ ಗೊತ್ತಾಗುತ್ತದೆ. ಕಿಟಕಿ ತೆರೆಯುತ್ತದಾ ಅಂತಲೂ ನೋಡಿ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸಿ ತಂಪು ಮಾಡುತ್ತದೆ, ಹೊಸ ಗಾಳಿ ತರುವುದಿಲ್ಲ. ಪೂರ್ತಿ ಗಾಜು ಮುಚ್ಚಿದ ರೂಮಿನಲ್ಲಿ 12 ಜನ ಕೂತರೆ ಮೂರು ಗಂಟೆಗೆ ಎಲ್ಲರೂ ಆಕಳಿಸುವುದಕ್ಕೆ ಊಟವೊಂದೇ ಕಾರಣ ಅಲ್ಲ.

ಕರಾರಿನಲ್ಲಿ ಎರಡು ಸಾಲು ಎರಡೆರಡು ಸಲ ಓದಿ. ಒಂದು, ಎಷ್ಟು ತಿಂಗಳು ಬಿಟ್ಟು ಹೋಗುವಂತಿಲ್ಲ ಅನ್ನುವುದು, ಅಂದರೆ ಲಾಕ್-ಇನ್. ಇನ್ನೊಂದು, ಹೋಗುವಾಗ ಮೊದಲಿದ್ದ ಹಾಗೆ ಮಾಡಿಕೊಡಬೇಕು ಅನ್ನುವುದು. ಎರಡನೆಯದು ಇದ್ದರೆ ನೀವು ಕಟ್ಟುವ ಒಂದೊಂದು ಗೋಡೆಗೂ ಎರಡು ಸಲ ದುಡ್ಡು. ಕಟ್ಟುವುದಕ್ಕೆ ಒಮ್ಮೆ, ಒಡೆಯುವುದಕ್ಕೆ ಒಮ್ಮೆ. ಹಾಗಾಗಿ ಬಿಚ್ಚಿ ಲಾರಿಗೆ ಹಾಕಬಹುದಾದದ್ದಕ್ಕೆ ಮಾತ್ರ ಖರ್ಚು ಮಾಡಿ.

ಗೋಡೆ, ಬೂತ್, ಮೇಜು

ಮನೆಯಿಂದ ಅರ್ಧ ಜನ ಕೆಲಸ ಮಾಡುವ ಆಫೀಸಿನಲ್ಲಿ ಅತಿ ಜಾಸ್ತಿ ನಡೆಯುವುದು ಕಾಲ್. ಬಂದವರೆಲ್ಲ ಬರದವರ ಜೊತೆ ಮಾತಾಡುತ್ತಿರುತ್ತಾರೆ. ಒಂದೇ ಹಾಲ್‌ನಲ್ಲಿ ಎಂಟು ಜನ ಎಂಟು ಕಾಲ್‌ನಲ್ಲಿದ್ದರೆ ಅದು ಮೀನು ಮಾರುಕಟ್ಟೆ. ಅದಕ್ಕೇ ಎಂಟು ಒಂಬತ್ತು ಸೀಟಿಗೆ ಒಂದು ಬೂತ್ ಇಡಿ, ಅಂದರೆ ಒಬ್ಬರು ಬಾಗಿಲು ಹಾಕಿಕೊಂಡು ಮಾತಾಡುವಷ್ಟು ಪುಟ್ಟ ಗೂಡು. ನಮ್ಮಲ್ಲಿ ಮೂರಿವೆ.

ಬೂತ್ ರೆಡಿಮೇಡ್ ಸಿಗುತ್ತದೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನಾವು ಬಡಗಿಯ ಹತ್ತಿರ ಮಾಡಿಸಿದೆವು. ಒಳಗೆ ನಾಲ್ಕಡಿ ಬೈ ನಾಲ್ಕಡಿ, ಪ್ಲೈವುಡ್ ಎರಡು ಪದರ, ಮಧ್ಯೆ ಸದ್ದು ತಡೆಯುವ ರಾಕ್‌ವೂಲ್, ಒಳಮೈಗೆ ದಪ್ಪ ಫೆಲ್ಟ್, ಸ್ಕ್ರೂ ಬಿಚ್ಚಿದರೆ ಆರು ಹಲಗೆ. ಮೊದಲನೆಯದರಲ್ಲಿ ಗಾಳಿಗೆ ದಾರಿ ಬಿಟ್ಟಿರಲಿಲ್ಲ. 15 ನಿಮಿಷಕ್ಕೆ ಒಳಗಿದ್ದವರು ಬೆವರಿ ಬಾಗಿಲು ತೆರೆದು ಮಾತಾಡಲು ಶುರುಮಾಡಿದರು, ಅಲ್ಲಿಗೆ ಬೂತ್ ಇದ್ದೂ ಇಲ್ಲದ ಹಾಗೆ. ಮೇಲೆ ಗಾಳಿ ಎಳೆಯುವ ಚಿಕ್ಕ ಫ್ಯಾನ್, ಕೆಳಗೆ ಗಾಳಿ ಬರಲು ಕಿಂಡಿ, ಎರಡೂ ಇರಲೇಬೇಕು. ಬಾಗಿಲಲ್ಲಿ ಒಂದು ಉದ್ದನೆ ಗಾಜು ಇರಲಿ, ಒಳಗೆ ಯಾರಿದ್ದಾರೆ ಅಂತ ಬಡಿದು ಕೇಳುವುದು ತಪ್ಪುತ್ತದೆ.

ಇನ್ನು ಮೀಟಿಂಗ್ ರೂಮ್. ನಮ್ಮ ಹಳೆ ಆಫೀಸಿನಲ್ಲಿ ಮೀಟಿಂಗ್ ರೂಮಿನ ಗೋಡೆ ಫಾಲ್ಸ್ ಸೀಲಿಂಗ್ ತನಕ ಮಾತ್ರ ಇತ್ತು, ಅದರ ಮೇಲೆ ಖಾಲಿ. ಒಳಗೆ ಸಂಬಳದ ಮಾತಾಡಿದ್ದು ಸೀಲಿಂಗ್ ಮೇಲಿಂದ ಹೋಗಿ ಪಕ್ಕದ ರೂಮಿಗೆ ಸರಿಯಾಗಿ ಕೇಳುತ್ತಿತ್ತು. ಆರು ತಿಂಗಳು ನಮಗೆ ಅದು ಗೊತ್ತೇ ಇರಲಿಲ್ಲ! ಗೋಡೆ ಕಟ್ಟಿಸುವುದಾದರೆ ಮೇಲಿನ ಕಾಂಕ್ರೀಟ್ ಮೋಲ್ಡ್ ಮುಟ್ಟುವ ತನಕ ಹೋಗಲಿ ಅಂತ ಕೆಲಸದವರಿಗೆ ಬರೆದೇ ಕೊಡಿ. ದೊಡ್ಡ ರೂಮ್ ಒಂದರ ಬದಲು ನಾಲ್ಕು ಜನರ ಎರಡು ರೂಮ್ ಮಾಡಿ. 12 ಜನರ ರೂಮಿನಲ್ಲಿ ದಿನವಿಡೀ ಇಬ್ಬರೇ ಕೂತಿರುವುದನ್ನು ನೋಡಿ ನೋಡಿ ಸಾಕಾಗಿದೆ.

ಚಕ್ರದ ಮೇಜು ಎಲ್ಲರಿಗೂ ಬೇಕು ಅನ್ನಿಸುತ್ತದೆ, ಎಲ್ಲಿ ಬೇಕೋ ಅಲ್ಲಿಗೆ ತಳ್ಳಬಹುದು ಅಂತ. ಆದರೆ ಕರೆಂಟ್ ಪಾಯಿಂಟ್‌ಗೆ ಚಕ್ರ ಇಲ್ಲವಲ್ಲ! ಎರಡು ವಾರದಲ್ಲಿ ನೆಲದ ಮೇಲೆಲ್ಲ ಎಕ್ಸ್‌ಟೆನ್ಶನ್ ವಯರ್, ಒಬ್ಬರು ಎಡವಿ ಬಿದ್ದೂ ಆಯಿತು. ಕೂತು ಕೆಲಸ ಮಾಡುವ ಮೇಜನ್ನು ಗೋಡೆಗೆ ಅಥವಾ ನೆಲದ ಪಾಯಿಂಟ್‌ಗೆ ಅಂಟಿಸಿಯೇ ಇಡಿ, ನಾಲ್ಕಡಿ ಉದ್ದ, ಎರಡಡಿ ಅಗಲ ಸಾಕು. ಚಕ್ರದ್ದು, ಮಡಚುವಂಥದ್ದು ಆರು ಮೇಜು ಸಾಮಾನ್ಯ ಹಾಲ್‌ಗೆ ಮಾತ್ರ. ಅಲ್ಲಿ ತರಬೇತಿ, ಊಟ, ಹುಟ್ಟುಹಬ್ಬ, ಆಯುಧಪೂಜೆ ಎಲ್ಲ ನಡೆಯುತ್ತದೆ.

ಕುರ್ಚಿಗೆ ಜಿಪುಣತನ ಮಾಡಬೇಡಿ. ಯಾರು ಬೇಕಾದರೂ ಕೂರುವ ಕುರ್ಚಿ ಆದ್ದರಿಂದ ಎತ್ತರ, ಬೆನ್ನು, ಕೈ ಮೂರೂ ಹೊಂದಿಸುವಂತಿರಬೇಕು.

ಸೀಟು ಯಾರದ್ದು?

ಯಾರದ್ದೂ ಅಲ್ಲ ಅಂದರೆ ಜನ ಒಪ್ಪುವುದಿಲ್ಲ. ಮನುಷ್ಯ ಬಸ್ಸಿನಲ್ಲೇ ಕರ್ಚೀಫ್ ಹಾಕಿ ಸೀಟು ಹಿಡಿಯುವವನು. ಹಾಗಾಗಿ ಸೀಟು ಒಬ್ಬರದ್ದಲ್ಲ, ಮೂಲೆ ಒಂದು ತಂಡದ್ದು ಅಂತ ಮಾಡಿದೆವು. ಕಿಟಕಿ ಪಕ್ಕದ ಎಂಟು ಸೀಟು ಇವರದ್ದು, ಅದರೊಳಗೆ ಯಾರು ಎಲ್ಲಿ ಬೇಕಾದರೂ ಕೂರಬಹುದು. ಎಲ್ಲ ಮೇಜಿಗೂ ಒಂದೇ ಥರದ ಮಾನಿಟರ್, ಒಂದೇ ಥರದ ಟೈಪ್-ಸಿ ವಯರ್. ಒಬ್ಬೊಬ್ಬರಿಗೂ ಒಂದು ಲಾಕರ್, ಆಫೀಸಿಗೆ ತಿಂಗಳಿಗೊಮ್ಮೆ ಬರುವವರಿಗೂ. ಲಾಕರ್ ಇಲ್ಲದಿದ್ದರೆ ಚಪ್ಪಲಿ, ಟಿಫಿನ್ ಬಾಕ್ಸು, ದೇವರ ಫೋಟೋ ಎಲ್ಲ ಮೇಜಿನ ಮೇಲೇ ಉಳಿದು, ಮೂರನೇ ವಾರಕ್ಕೆ ಅದು "ಅವರ ಸೀಟು" ಆಗಿರುತ್ತದೆ.

ಬುಕ್ಕಿಂಗ್‌ಗೆ ಆ್ಯಪ್ ಮಾರಲು ಬರುತ್ತಾರೆ. 100 ಜನರ ಒಳಗಿದ್ದರೆ ಬೇಡ. ಒಂದು ಶೀಟ್, ಹಿಂದಿನ ದಿನ ಸಂಜೆ 5ರೊಳಗೆ ಹೆಸರಿನ ಮುಂದೆ ಟಿಕ್, ಅಷ್ಟೇ. ಟಿಕ್ ನೋಡಿಯೇ ಅಕ್ಕ ಹಾಲಿಗೆ ಹೇಳುತ್ತಾರೆ, ಹಾಗಾಗಿ ಟಿಕ್ ಹಾಕದವರಿಗೆ ಕಾಫಿ ಕೊನೆಗೆ. ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ನಿಯಮ ನನಗೆ ಸಿಕ್ಕಿಲ್ಲ.

ಅಂದ ಹಾಗೆ ಅಕ್ಕ, ಸೆಕ್ಯೂರಿಟಿಯವರು, ನಾನು, ನಾವೆಲ್ಲ ಮನೆಯಿಂದ ಕೆಲಸ ಮಾಡಲು ಆಗುವುದಿಲ್ಲ. ಎಲ್ಲರಿಗೂ ಅನುಕೂಲ ಅಂತ ನಿಯಮ ಮಾಡುವಾಗ ಇವರನ್ನು ಎಲ್ಲರೂ ಮರೆಯುತ್ತಾರೆ. ಶುಕ್ರವಾರ ಒಂಬತ್ತೇ ಜನ ಬರುವುದರಿಂದ ಅಕ್ಕನಿಗೆ ಆ ದಿನ ಮಧ್ಯಾಹ್ನ 2ಕ್ಕೆ ಮನೆಗೆ ಹೋಗಿ ಅಂದೆವು, ಸಂಬಳ ಪೂರ್ತಿ. ಮಧ್ಯಾಹ್ನದ ಕಾಫಿ ನಾವೇ ಮಾಡಿಕೊಳ್ಳುತ್ತೇವೆ, ಕೆಟ್ಟದಾಗಿರುತ್ತದೆ.

ಮನೆ ಕಡೆಯ ಏರ್ಪಾಡು

ಮನೆಯಲ್ಲಿ ಕೆಲಸ ನಿಲ್ಲುವುದು ಎರಡಕ್ಕೆ, ಕರೆಂಟು ಮತ್ತು ಬೆನ್ನು.

ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ರೂಟರ್‌ಗೆ ಇಲ್ಲ. ಅದಕ್ಕೆ ಇನ್ವರ್ಟರ್ ಇಲ್ಲದ ಮನೆಗೆ 12 ವೋಲ್ಟ್‌ನ ಪುಟ್ಟ ರೂಟರ್ ಯುಪಿಎಸ್ ಕಳಿಸಿಕೊಡಿ, ಒಂದೆರಡು ಸಾವಿರದೊಳಗೆ ಸಿಗುತ್ತದೆ, ಗಂಟೆಗಟ್ಟಲೆ ನಡೆಸುತ್ತದೆ. ಮೊದಲು ರೂಟರ್ ಹಿಂದೆ ಬರೆದಿರುವ ವೋಲ್ಟ್ ನೋಡಿ, ಕೆಲವು 9 ವೋಲ್ಟ್‌ನವೂ ಇವೆ. ಆದರೂ ಕೆಲವೊಮ್ಮೆ ನಮ್ಮ ಮನೆಯಲ್ಲಿ ರೂಟರ್‌ನ ದೀಪ ಉರಿಯುತ್ತಿರುತ್ತದೆ, ಬೀದಿ ಕಂಬದ ಮೇಲಿರುವ ಕೇಬಲ್‌ನವರ ಡಬ್ಬಕ್ಕೆ ಕರೆಂಟ್ ಇರುವುದಿಲ್ಲ. ಅದಕ್ಕೆ ಮೊಬೈಲ್ ಹಾಟ್‌ಸ್ಪಾಟ್ ಬೇರೆ ಕಂಪನಿಯದ್ದಿರಲಿ, ಫೈಬರ್ ಯಾರದೋ ಸಿಮ್ಮೂ ಅವರದೇ ಆದರೆ ಎರಡೂ ಒಟ್ಟಿಗೆ ಮಲಗುವ ಸಾಧ್ಯತೆ ಜಾಸ್ತಿ. ಮಲೆನಾಡಿನಿಂದ ಕೆಲಸ ಮಾಡುವವರಿಗೆ ಜೂನ್‌ನಿಂದ ಆಗಸ್ಟ್ ತನಕ ಇದೆಲ್ಲವೂ ಸಾಲದು, ಮರ ಬಿದ್ದು ಎರಡು ದಿನ ಕರೆಂಟೇ ಇಲ್ಲದ್ದೂ ಉಂಟು. ಅವರಿಗೆ ಆ ತಿಂಗಳುಗಳಲ್ಲಿ ದಿನಕ್ಕೊಂದು ಸಲ ಗ್ರಾಹಕರ ಎದುರು ಕೂರುವಂಥ ಕೆಲಸ ಕೊಡಬೇಡಿ, ಒಬ್ಬರೇ ಕೂತು ಮುಗಿಸುವ ಕೆಲಸ ಕೊಡಿ.

ಕುರ್ಚಿಗೆ ಭತ್ಯೆ ಅಂತ ದುಡ್ಡು ಕೊಟ್ಟೆವು ಒಂದು ಸಲ. ಅರ್ಧ ಜನ ಕುರ್ಚಿ ತರಲಿಲ್ಲ, ಊಟದ ಮೇಜಿನಲ್ಲೇ ಕೂತು ಬೆನ್ನು ಹಿಡಿಸಿಕೊಂಡರು. ಈಗ ಕುರ್ಚಿಯನ್ನೇ ಕಳಿಸುತ್ತೇವೆ, ಕಂಪನಿಯ ಆಸ್ತಿ ಪಟ್ಟಿಯಲ್ಲಿ ನಂಬರ್ ಹಾಕಿ. ಬಿಟ್ಟು ಹೋಗುವಾಗ ವಾಪಸ್. ಆಫೀಸ್ ಚಿಕ್ಕದು ಮಾಡಿದಾಗ ಉಳಿದ 16 ಹಳೇ ಕುರ್ಚಿ ಹೀಗೇ ಖಾಲಿಯಾದವು. ಲ್ಯಾಪ್‌ಟಾಪ್ ಕಂಪನಿಯದ್ದೇ ಇರಬೇಕು, ಅದರ ಡಿಸ್ಕ್‌ಗೆ ಪಾಸ್‌ವರ್ಡ್ ಇಲ್ಲದೆ ತೆರೆಯದ ಬೀಗ (ಎನ್‌ಕ್ರಿಪ್ಶನ್) ಇರಬೇಕು, ಮನೆ ಮಕ್ಕಳ ಆಟಕ್ಕೆ ಅದು ಸಿಗಬಾರದು. ಇದರಲ್ಲಿ ಮಾತ್ರ ರಾಜಿ ಇಲ್ಲ.

ಇನ್ನು ಒಂದು ಪುಟದ ಪತ್ರ. ಯಾವ ಊರಿನಿಂದ ಕೆಲಸ, ಯಾವ ಹೊತ್ತಿಗೆ ಸಿಗಬೇಕು, ಇಂಟರ್ನೆಟ್ ಬಿಲ್ಲು ಯಾರದ್ದು, ಆಫೀಸಿಗೆ ಕರೆಸುವುದಾದರೆ ಎಷ್ಟು ದಿನ ಮೊದಲು ಹೇಳಬೇಕು, ಬಸ್ ಚಾರ್ಜು ಯಾರು ಕೊಡುತ್ತಾರೆ. ನಮ್ಮಲ್ಲಿ 11ರಿಂದ 4 ಎಲ್ಲರೂ ಸಿಗಬೇಕು, ಮಿಕ್ಕ ಗಂಟೆ ಅವರವರ ಇಷ್ಟ. ಆಫೀಸಿಗೆ ಬರುವವರೂ 10:30ಕ್ಕೆ ಬಂದರೆ ಸಾಕು, ಅಮೆರಿಕದ ಕಾಲ್ ಇರುವವರು 4ಕ್ಕೆ ಮನೆಗೆ ಹೋಗಿ ರಾತ್ರಿ 8ರ ಕಾಲ್ ಮನೆಯಿಂದ ಮಾಡಬಹುದು.

ಮನೆಯಲ್ಲಿದ್ದಾರೆ ಅಂತ ಕಾನೂನು ರಜೆ ಹಾಕಿ ಹೋಗುವುದಿಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಲೆಕ್ಕ ದಿನಕ್ಕೆ 9 ಗಂಟೆ, ವಾರಕ್ಕೆ 48. ಬೆಳಿಗ್ಗೆ 9ಕ್ಕೆ ಶುರುಮಾಡಿದವರನ್ನು ರಾತ್ರಿ 10ರ ಕಾಲ್‌ಗೂ ಕೂರಿಸಿ, ಮನೆಯಲ್ಲೇ ಇದ್ದೀರಲ್ಲ ಅನ್ನುವ ಮ್ಯಾನೇಜರ್‌ಗೆ ಇದನ್ನು ಪ್ರಿಂಟ್ ಹಾಕಿ ಕೊಡಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮನೆಯನ್ನೂ ಕೆಲಸದ ಜಾಗ ಅಂತಲೇ ಹೇಳುತ್ತದೆ. 10 ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, ಅದರ ಸದಸ್ಯರ ನಂಬರ್ ಆಫೀಸ್ ಗೋಡೆಯ ಮೇಲಷ್ಟೇ ಇದ್ದರೆ ತೀರ್ಥಹಳ್ಳಿಯಲ್ಲಿರುವವರಿಗೆ ಏನು ಪ್ರಯೋಜನ? ಎಲ್ಲರಿಗೂ ಮೇಲ್ ಮಾಡಿ. ಹೆರಿಗೆ ರಜೆ ಮುಗಿದ ಮೇಲೆ, ಕೆಲಸ ಅಂಥದ್ದಾಗಿದ್ದರೆ, ಇಬ್ಬರೂ ಒಪ್ಪಿ ಮನೆಯಿಂದ ಕೆಲಸ ಮುಂದುವರಿಸಲು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲೇ ದಾರಿ ಬಂದಿತ್ತು, ಈಗ ಅದೇ ದಾರಿ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಕೇಳಿ ಬರುವವರಿಗೆ ಉಪಕಾರ ಮಾಡಿದ ಹಾಗೆ ಮುಖ ಮಾಡಬೇಡಿ.

ಮೀಟಿಂಗ್, ಮಳೆ, ಹಬ್ಬ

ಒಬ್ಬರು ದೂರದಲ್ಲಿದ್ದರೂ ಎಲ್ಲರೂ ಅವರವರ ಲ್ಯಾಪ್‌ಟಾಪ್‌ನಿಂದಲೇ ಸೇರಬೇಕು. ಐದು ಜನ ರೂಮಿನಲ್ಲಿ ನಗುತ್ತಾ, ಆರನೆಯವರು ಪರದೆಯಲ್ಲಿ ಏನಾಯ್ತು ಏನಾಯ್ತು ಅನ್ನುವುದು ನೋಡಲು ಬೇಸರ. ಮೊದಲು ಮಾತಾಡುವುದು ದೂರದವರೇ. ತೀರ್ಮಾನ ಆದದ್ದನ್ನು ಅವತ್ತೇ ಎರಡು ಸಾಲು ಬರೆದು ಹಾಕಿ. ಕಾಫಿ ಕುಡಿಯುವಾಗ ಆದ ತೀರ್ಮಾನ ಬರೆಯದಿದ್ದರೆ ಆಗಿಲ್ಲ ಅಂತಲೇ ಲೆಕ್ಕ. ಆನ್‌ಲೈನ್ ಇದ್ದಾರೆ ಅಂತ ತೋರಿಸುವ ಹಸಿರು ಚುಕ್ಕೆ ನೋಡಿ ಕೆಲಸ ಅಳೆಯುವ ಸಾಫ್ಟ್‌ವೇರ್ ಹಾಕಬೇಡಿ, ಆ ಚುಕ್ಕೆ ಆರದ ಹಾಗೆ ಮೌಸ್ ಅಲ್ಲಾಡಿಸುವ ಯಂತ್ರ ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ.

2021ರ ಆಗಸ್ಟ್‌ನಲ್ಲಿ ರಾಜ್ಯದ ಐಟಿ-ಬಿಟಿ ಇಲಾಖೆಯೇ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ ತನಕ ಮೆಟ್ರೋ ಕೆಲಸ ಇದೆ, 2022ರ ಡಿಸೆಂಬರ್ ತನಕ ಮನೆಯಿಂದಲೇ ಮಾಡಿಸಿ ಅಂತ ಕಂಪನಿಗಳಿಗೆ ಸಲಹೆ ಕೊಟ್ಟಿತ್ತು. ಆಮೇಲೆ 2022ರ ಸೆಪ್ಟೆಂಬರ್ ಮಳೆಗೆ ಔಟರ್ ರಿಂಗ್ ರೋಡ್ ಮುಳುಗಿ, ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಚಿತ್ರ ಎಲ್ಲರೂ ನೋಡಿದ್ದೇವೆ. ಅವತ್ತು ನಮ್ಮಲ್ಲಿ ಬರಬೇಕಾ ಬೇಡವಾ ಅಂತ ಹೇಳುವವರೇ ಇರಲಿಲ್ಲ, 9 ಗಂಟೆಗೆ ಬೇಡ ಅಂದಾಗ ಅರ್ಧ ಜನ ನೀರಿನ ಮಧ್ಯೆ ಇದ್ದರು. ಈಗ ನಿಯಮ ಒಂದೇ: ಮಳೆ, ಬಂದ್ ಏನೇ ಇರಲಿ, ಬೆಳಿಗ್ಗೆ 7ಕ್ಕೆ ಒಬ್ಬರು ಒಂದು ಮೆಸೇಜ್ ಹಾಕುತ್ತಾರೆ. ಆ ಒಬ್ಬರು ಯಾರು ಅಂತ ತಿಂಗಳ ಮೊದಲೇ ಗೊತ್ತಿರುತ್ತದೆ.

ಗೌರಿ-ಗಣೇಶ, ದೀಪಾವಳಿ, ಯುಗಾದಿ, ಈ ಮೂರರ ಅಕ್ಕಪಕ್ಕ ಒಂದೊಂದು ವಾರ ಎಲ್ಲರೂ ಊರಿಂದ ಕೆಲಸ ಮಾಡಬಹುದು. ಹಬ್ಬದ ಹಿಂದಿನ ರಾತ್ರಿ ಪ್ರೈವೇಟ್ ಬಸ್‌ನವರು ಕೇಳುವ ದರ ನಿಮಗೆ ಗೊತ್ತೇ ಇದೆ. ಮೂರು ದಿನ ಮೊದಲೇ ಹೋದರೆ ಕೆಎಸ್‌ಆರ್‌ಟಿಸಿಯಲ್ಲೇ ಸೀಟು ಸಿಗುತ್ತದೆ. ರಜೆ ಹಾಕುವವರು ಕಮ್ಮಿಯಾದರು, ನಮಗೂ ಲಾಭವೇ. ಆ ವಾರ ಆಫೀಸ್ ಮುಚ್ಚಿ ಎಸಿ ಸರ್ವಿಸ್, ಜಿರಳೆ ಔಷಧಿ, ಪೇಂಟಿಂಗ್ ಎಲ್ಲ ಮಾಡಿಸಿ ಮುಗಿಸಿಬಿಡಿ.

ಮೂರು ತಿಂಗಳಿಗೊಮ್ಮೆ ಮತ್ತೆ ಎಣಿಸಿ. ಹೋದ ಸಲ ಎಣಿಸಿದಾಗ ಸೋಮವಾರ 25 ಆಗಿತ್ತು. ಟೆಸ್ಟಿಂಗ್ ತಂಡದವರು ಮನೆಯಿಂದ ಕಟ್ಟಿ ತರುವ ಊಟದ ಸುದ್ದಿ ಹಬ್ಬಿ ಬೇರೆಯವರೂ ಸೋಮವಾರವೇ ಬರಲು ಶುರುಮಾಡಿದ್ದಾರೆ. ಇದ್ದ 26 ಸೀಟಿನಲ್ಲಿ ಒಂದರ ಮಾನಿಟರ್ ಕೆಟ್ಟಿದೆ, ನಾಳೆ ಅದನ್ನು ರಿಪೇರಿಗೆ ಕಳಿಸಬೇಕು.